ಬಾಣಂತನ ಮುಗಿಸಿ ಬಂದ ಮೇಲೆ ಮಾತಿಗೆ ಯಾರೂ ಇಲ್ಲ

ಪ್ರಶ್ನೆ: ನನಗೆ 27 ವರ್ಷ. ತವರು ಭದ್ರಾವತಿ. ಗಂಡನ ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ತೋಟದ ನಡುವಿನ ಒಂಟಿ ಮನೆ, ಪಕ್ಕದ ಮನೆಗೆ ಹೋಗಲು ಕಾಲುಸಂಕ ದಾಟಬೇಕು. ಮಾರ್ಚ್‌ನಲ್ಲಿ ಮಗಳು ಹುಟ್ಟಿದಳು. ಮೂರು ತಿಂಗಳ ಬಾಣಂತನ ಮುಗಿಸಿಕೊಂಡು ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಇಲ್ಲಿಗೆ ಬಂದೆ. ಯಜಮಾನರು ಮಳೆ ಬಿಡುವು ಕೊಟ್ಟಾಗಲೆಲ್ಲ ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ. ಅತ್ತೆ ಒಳ್ಳೆಯವರೇ, ಮಗುವಿನ ಎಣ್ಣೆ-ನೀರು ಅವರೇ ನೋಡುತ್ತಾರೆ. ಆದರೆ ನಾನು ಸುಸ್ತು ಎಂದರೆ ‘ನಾವೆಲ್ಲ ಹೆರಲಿಲ್ಲವೇ’ ಎನ್ನುತ್ತಾರೆ. ಊಟ ಸೇರುತ್ತದೆ, ಮಗಳು ನಕ್ಕರೆ ಸಂತೋಷವಾಗುತ್ತದೆ. ಆದರೂ ಕತ್ತಲಾಗುತ್ತ ಬಂದಂತೆ ತೊಟ್ಟಿಲು ತೂಗುತ್ತಲೇ ಅಳು ಬರುತ್ತದೆ. ಹೀಗೆ ಒಂದೂವರೆ ತಿಂಗಳಾಯಿತು. ಗೆಳತಿಯೊಬ್ಬಳು ತಾಯಂದಿರ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದಳು. ಇನ್ನೂರಕ್ಕೂ ಹೆಚ್ಚು ಜನ. ಅಲ್ಲಿ ಎಲ್ಲರ ಮಕ್ಕಳೂ ಆಗಲೇ ಬೋರಲು ಬಿದ್ದಿವೆ, ರಾತ್ರಿಯಿಡೀ ಮಲಗುತ್ತವೆ. ಓದಿದಷ್ಟೂ ಭಯ ಹೆಚ್ಚಾಯಿತು. ಇದು ಕಾಯಿಲೆಯೇ? ಎಲ್ಲ ಇದ್ದೂ ಕೊರಗುವ ಬುದ್ಧಿಯೇ? ನನ್ನ ಹಾಗೆಯೇ ಕೂಸು ಇರುವವರೊಡನೆ ಮಾತಾಡಬೇಕು ಎನಿಸುತ್ತದೆ. ಈ ಕಾಡಿನಲ್ಲಿ ಅವರನ್ನು ಎಲ್ಲಿ ಹುಡುಕಲಿ?

ಉತ್ತರ: ‘ಕೊರಗುವ ಬುದ್ಧಿ’ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ. ಶಿವಮೊಗ್ಗದಲ್ಲಿ ಪ್ರಸೂತಿ ವೈದ್ಯೆಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ್ದೇನೆ. ಮಳೆಗಾಲದಲ್ಲಿ ಘಟ್ಟದ ಅಂಚಿನ ಹಳ್ಳಿಗಳಿಂದ ಬರುವ ಹೊಸ ತಾಯಂದಿರು ಸೊಂಟ ನೋವು, ತಲೆಸುತ್ತು, ಹಾಲು ಸಾಲುತ್ತಿಲ್ಲ ಎಂದು ಹೇಳಿಕೊಂಡು ಬರುತ್ತಾರೆ. ಪರೀಕ್ಷೆಯೆಲ್ಲ ಮುಗಿದ ಮೇಲೆ ‘ಮನೆಯಲ್ಲಿ ಮಾತಿಗೆ ಯಾರಿದ್ದಾರಮ್ಮ?’ ಎಂದು ಕೇಳಿದರೆ ಕಣ್ಣು ತುಂಬಿಬಿಡುತ್ತದೆ. ಈ ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದು ತಡವಾಗಿ. ಮೊದಲಿನ ಹಲವು ವರ್ಷ ಆರನೇ ವಾರದ ಭೇಟಿಯಲ್ಲಿ ಹೊಲಿಗೆ ನೋಡಿ, ರಕ್ತದೊತ್ತಡ ನೋಡಿ, ಕಬ್ಬಿಣದ ಮಾತ್ರೆ ಬರೆದು ಕಳುಹಿಸುತ್ತಿದ್ದೆ. ಅವರಲ್ಲಿ ಎಷ್ಟು ಜನ ಅಳು ನುಂಗಿಕೊಂಡು ಬಸ್ ಹತ್ತಿದರೋ ಎಂದು ಈಗಲೂ ಮನಸ್ಸು ಚುಚ್ಚುತ್ತದೆ.

ಇದು ಕಾಯಿಲೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ಹೆರಿಗೆಯಾದ ಮೂರನೇ ದಿನದ ಸುಮಾರಿಗೆ ಅರ್ಧಕ್ಕೂ ಹೆಚ್ಚು ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಮಾಸು ಬಿದ್ದ ಮೇಲೆ ಒಂಬತ್ತು ತಿಂಗಳು ಏರುತ್ತ ಹೋಗಿದ್ದ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಒಮ್ಮೆಲೇ ಇಳಿದುಹೋಗುತ್ತವೆ. ಮೈ ಆ ಇಳಿತಕ್ಕೆ ಹೊಂದಿಕೊಳ್ಳಬೇಕು. ಎರಡು ವಾರದೊಳಗೆ ಅದು ತಾನಾಗಿ ತಿಳಿಯಾಗುತ್ತದೆ. ನಿಮ್ಮದು ಅದಲ್ಲ. ಎರಡು ವಾರ ದಾಟಿಯೂ ಉಳಿಯುವ, ಅಥವಾ ತಿಂಗಳುಗಳ ನಂತರ ಶುರುವಾಗುವ ಖಿನ್ನತೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಹೆತ್ತವರ ಪೈಕಿ ನೂರಕ್ಕೆ ಸುಮಾರು 13 ಜನರಲ್ಲಿ, ನಮ್ಮಂಥ ದೇಶಗಳಲ್ಲಿ ಸುಮಾರು 20 ಜನರಲ್ಲಿ ಮನಸ್ಸಿನ ತೊಂದರೆ ಕಾಣುತ್ತದೆ, ಅದರಲ್ಲಿ ಹೆಚ್ಚಿನದು ಖಿನ್ನತೆ. ಐವರಲ್ಲಿ ಒಬ್ಬರು ಎಂದರೆ, ಒಂದು ಅಂಗನವಾಡಿಯ ವ್ಯಾಪ್ತಿಯೊಳಗೇ ನಿಮ್ಮಂಥವರು ಇರುತ್ತಾರೆ.

ನಿಮಗೆ ಊಟ ಸೇರುತ್ತದೆ, ಮಗಳ ನಗು ಮುಟ್ಟುತ್ತದೆ, ಅಳು ಶುರುವಾದದ್ದು ಊರು ಬದಲಾದ ಮೇಲೆ. ಇದನ್ನೆಲ್ಲ ಓದಿದಾಗ ನಿದ್ದೆಗೇಡು ಮತ್ತು ಒಂಟಿತನದ ಭಾರವೇ ನನಗೆ ಹೆಚ್ಚಾಗಿ ಕಾಣುತ್ತದೆ. ಆದರೆ ಒಂದೂವರೆ ತಿಂಗಳು ಸಣ್ಣ ಅವಧಿಯಲ್ಲ. ಪತ್ರ ನೋಡಿ ಕಾಯಿಲೆ ಇಲ್ಲ ಎಂದುಬಿಡುವುದು ತಪ್ಪಾಗುತ್ತದೆ. 1987ರಲ್ಲಿ ರೂಪಿಸಿದ ಎಡಿನ್‌ಬರೋ ಪ್ರಶ್ನಾವಳಿ ಎಂಬುದೊಂದಿದೆ. ಕಳೆದ ಏಳು ದಿನ ಹೇಗಿದ್ದೀರಿ ಎಂದು ಕೇಳುವ ಹತ್ತೇ ಪ್ರಶ್ನೆ, ಕನ್ನಡದಲ್ಲಿಯೂ ಇದೆ, ಹತ್ತು ನಿಮಿಷವೂ ಬೇಡ. ನಿಮ್ಮ ವೈದ್ಯರ ಬಳಿ ಅದನ್ನು ಒಮ್ಮೆ ಮಾಡಿಸಿಕೊಳ್ಳಿ. ಅದೇ ದಿನ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆಗೂ ರಕ್ತ ಕೊಡಿ. ರಕ್ತಹೀನತೆ ಮತ್ತು ಹೆರಿಗೆಯ ನಂತರ ಏರುಪೇರಾದ ಥೈರಾಯ್ಡ್ ಮನಸ್ಸಿನ ಕಾಯಿಲೆಯ ಹಾಗೆಯೇ ವೇಷ ಹಾಕುತ್ತವೆ. ಹೆರಿಗೆಯಾದ ಮೇಲೆ ಆರು ತಿಂಗಳು ನುಂಗಬೇಕಾದ ಕಬ್ಬಿಣದ ಮಾತ್ರೆಯನ್ನು ನಮ್ಮ ಕಡೆ ಅರ್ಧಕ್ಕೇ ಬಿಡುವವರೇ ಹೆಚ್ಚು. ತವರಿನಿಂದ ಬರುವಾಗ ಮಾತ್ರೆ ಅಲ್ಲಿಯೇ ಉಳಿದಿರುತ್ತದೆ. ನಿಮ್ಮದೂ ಉಳಿದಿದೆಯೇ ನೋಡಿ.

ಇನ್ನು ಕಾರಣದ ಮಾತು. ಬಾಣಂತನ ಎಂದರೆ ನಮ್ಮವರು ಲೇಹ್ಯ, ಮೆಣಸಿನ ಸಾರು, ಹಂಡೆಯ ಬಿಸಿನೀರು, ತಲೆಗೆ ಕಟ್ಟುವ ಬಟ್ಟೆ ಎಂದು ಎಣಿಸುತ್ತಾರೆ. ನನಗೆ ಅದರಲ್ಲಿ ಬಹಳ ದೊಡ್ಡದಾಗಿ ಕಾಣುವುದು ಲೆಕ್ಕಕ್ಕೇ ಬಾರದ ಇನ್ನೊಂದು ಸಂಗತಿ. ಆ ಮೂರು ತಿಂಗಳು ಬಾಣಂತಿಯ ಕೋಣೆಯಲ್ಲಿ ಯಾವಾಗಲೂ ಒಬ್ಬರಲ್ಲ ಒಬ್ಬರು ಇರುತ್ತಾರೆ. ಅಮ್ಮ, ಅಜ್ಜಿ, ಚಿಕ್ಕಮ್ಮ, ಮೀಯಿಸಲು ಬರುವವರು, ಕೂಸು ನೋಡಲು ಬಂದ ಬೀದಿಯ ಹೆಂಗಸರು. ಭದ್ರಾವತಿಯಂಥ ಊರಿನಲ್ಲಿ ಬಾಗಿಲು ತೆರೆದರೆ ಎದುರು ಮನೆ. ಮೂರು ತಿಂಗಳು ತುಂಬಿದ ದಿನ ಮಡಿಲು ತುಂಬಿ, ತೊಟ್ಟಿಲು ಕೊಟ್ಟು, ಕಾರು ಹತ್ತಿಸಿ ಕಳುಹಿಸುತ್ತಾರೆ. ಅಲ್ಲಿಗೆ ಆ ಜನರೆಲ್ಲ ಒಂದೇ ದಿನದಲ್ಲಿ ಇಲ್ಲವಾಗುತ್ತಾರೆ. ಹೆರಿಗೆಯ ಮೂರನೇ ದಿನ ಮೈಯಲ್ಲಿ ಹಾರ್ಮೋನು ಇಳಿದಂತೆ, ಮೂರನೇ ತಿಂಗಳಲ್ಲಿ ಮನುಷ್ಯರ ಒತ್ತಾಸೆ ಇಳಿದುಹೋಗುತ್ತದೆ. ಮೊದಲಿನದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ, ಎರಡನೆಯದಕ್ಕೆ ಇಲ್ಲ. ಮಲೆನಾಡಿನ ಒಂಟಿ ಮನೆ, ಜೂನ್‌ನ ಮಳೆ, ದಿನಗಟ್ಟಲೆ ಬಾರದ ಕರೆಂಟು, ಮಾಡಿನ ಮೇಲೆ ಹತ್ತಿದರೆ ಮಾತ್ರ ಸಿಗುವ ನೆಟ್‌ವರ್ಕ್ ಇವೆಲ್ಲ ಸೇರಿದಾಗ ಗಟ್ಟಿ ಮನಸ್ಸಿನವರೂ ಕುಸಿಯುತ್ತಾರೆ.

ನಿಮ್ಮ ಅತ್ತೆಯವರ ಮಾತಿಗೂ ಇಲ್ಲಿಯೇ ಉತ್ತರವಿದೆ. ಅವರು ಹೆತ್ತದ್ದು ನಿಜ, ಕಷ್ಟಪಟ್ಟದ್ದೂ ನಿಜ. ಆದರೆ ಅವರ ಕಾಲದ ಮನೆಯಲ್ಲಿ ವಾರಗಿತ್ತಿಯರಿದ್ದರು, ನಾದಿನಿಯರಿದ್ದರು, ಒಂದೇ ವರ್ಷ ಎರಡು ತೊಟ್ಟಿಲು ಕಟ್ಟಿದ ಮನೆಗಳಿದ್ದವು. ಅಡಿಕೆ ಸುಲಿಯಲು ರಾತ್ರಿ ಹತ್ತಾರು ಹೆಂಗಸರು ಅಂಗಳದಲ್ಲಿ ಕೂರುತ್ತಿದ್ದರು. ಕೂಸು ಯಾರದೋ ಮಡಿಲಲ್ಲಿರುತ್ತಿತ್ತು, ಮಾತು ನಡೆಯುತ್ತಲೇ ಇರುತ್ತಿತ್ತು. ಈಗ ಮಕ್ಕಳು ಬೆಂಗಳೂರು ಸೇರಿ, ಮನೆಗಳಲ್ಲಿ ಮೂರು ಜನ ಉಳಿದು, ಸುಲಿಯುವ ಕೆಲಸಕ್ಕೆ ಯಂತ್ರ ಬಂದಿದೆ. ಅವರು ಹತ್ತು ಜನರ ನಡುವೆ ಮಾಡಿದ್ದನ್ನು ನೀವು ಒಬ್ಬರೇ ಮಾಡುತ್ತಿದ್ದೀರಿ. ಇದು ಅವರಿಗೆ ಹೊಳೆದಿರಲಾರದು. ‘ಅತ್ತೆ, ನೀವು ಬಾಣಂತಿಯಾಗಿದ್ದಾಗ ಈ ಮನೆಯಲ್ಲಿ ಯಾರ್‍ಯಾರು ಇದ್ದರು?’ ಎಂದು ಒಂದು ಸಂಜೆ ಕೇಳಿ ನೋಡಿ. ವಾದ ಹೂಡುವುದಕ್ಕಲ್ಲ, ನಿಜವಾಗಿ ತಿಳಿದುಕೊಳ್ಳುವುದಕ್ಕೆ. ಹೀಗೆ ಕೇಳಿದ ಮೇಲೆ ಸೊಸೆಯ ಪಕ್ಕ ಕುಳಿತು ತಾವೇ ಅತ್ತ ಅತ್ತೆಯಂದಿರನ್ನು ನಾನು ಬಲ್ಲೆ.

ತಪ್ಪು ನಂಬಿಕೆಗಳ ಬಗ್ಗೆ ಬೇಗನೆ ಹೇಳಿಬಿಡುತ್ತೇನೆ. ತಾಯಿ ಅತ್ತರೆ ಹಾಲು ಕೆಡುವುದಿಲ್ಲ. ತುಂಬಾ ಉದ್ವೇಗವಿದ್ದಾಗ ಹಾಲು ಇಳಿಯುವುದು ಸ್ವಲ್ಪ ತಡವಾಗಬಹುದು, ಅಷ್ಟೇ. ಖಿನ್ನತೆಗೆ ಮಾತ್ರೆ ತೆಗೆದುಕೊಂಡರೆ ಎದೆಹಾಲು ನಿಲ್ಲಿಸಲೇಬೇಕು ಎಂಬುದೂ ತಪ್ಪು. ಹಾಲಿಗೆ ಬಹಳ ಕಡಿಮೆ ಸೇರುವ ಔಷಧಿಗಳಿವೆ, ವೈದ್ಯರು ಅವನ್ನೇ ಆರಿಸುತ್ತಾರೆ. ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಮಾತ್ರ ಅಪಾಯಕಾರಿ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚಿರುತ್ತದೆ, ನೀರು ಕಡಿಮೆಯಾದರೆ ಅದು ಇನ್ನೂ ಹೆಚ್ಚುತ್ತದೆ. ಹಾಲೂಡಿಸುವವರು ಬಾಯಾರಿದಷ್ಟೂ ಕುಡಿಯಬೇಕು. ಮತ್ತೆ, ಐದು ತಿಂಗಳ ಕೂಸು ಇನ್ನೂ ಬೋರಲು ಬೀಳದಿರುವುದು ಗಾಬರಿಯ ಸಂಗತಿಯಲ್ಲ. ಕತ್ತು ನಿಂತಿದೆ, ನಿಮ್ಮ ದನಿಗೆ ತಿರುಗುತ್ತಾಳೆ, ಮುಖ ನೋಡಿ ನಗುತ್ತಾಳೆ ಎಂದಾದರೆ ಇನ್ನೂ ಸಮಯವಿದೆ.

ಇತರ ತಾಯಂದಿರ ಒಡನಾಟ ನಿಜಕ್ಕೂ ಕೆಲಸ ಮಾಡುತ್ತದೆಯೇ? ನನ್ನ ನಂಬಿಕೆ ಹುಟ್ಟಿದ್ದು ಹೆರಿಗೆ ವಾರ್ಡಿನಲ್ಲಿ. ಜನರಲ್ ವಾರ್ಡಿನಲ್ಲಿ ಸಾಲಾಗಿ ಮಂಚಗಳು. ಎರಡನೇ ಹೆರಿಗೆಗೆ ಬಂದವಳು ಪಕ್ಕದ ಮಂಚದ ಚೊಚ್ಚಲ ತಾಯಿಗೆ ‘ಹಾಗಲ್ಲ, ಕೂಸಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಬೇಕು’ ಎಂದು ತಾನೇ ಎದ್ದು ಬಂದು ತೋರಿಸುತ್ತಾಳೆ. ನಾವು ಮೂರು ಸಲ ಹೇಳಿ ಆಗದ್ದು ಅಲ್ಲಿ ಒಂದೇ ಸಲಕ್ಕೆ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಒಂದು ಕೂಸು ಅತ್ತರೆ ನಾಲ್ಕು ತಾಯಂದಿರು ಎಚ್ಚರಾಗುತ್ತಾರೆ, ಬೈದುಕೊಳ್ಳುವುದಿಲ್ಲ. ಸ್ಪೆಷಲ್ ವಾರ್ಡಿನ ಬಾಗಿಲು ಹಾಕಿದ ಕೋಣೆಯಲ್ಲಿ, ಟಿವಿ ಮುಂದೆ, ಹೊಸ ತಾಯಿ ಒಬ್ಬಳೇ ಕಂಗಾಲಾಗಿರುವುದನ್ನು ಬಹಳ ಸಲ ಕಂಡಿದ್ದೇನೆ.

ಇದಕ್ಕೆ ಅಧ್ಯಯನಗಳ ಆಧಾರವೂ ಇದೆ. ಕೆನಡಾದ ಒಂಟಾರಿಯೊದಲ್ಲಿ ಖಿನ್ನತೆಯ ಅಪಾಯ ಹೆಚ್ಚಿದ್ದ 701 ತಾಯಂದಿರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ, ತಾವೂ ಹಿಂದೆ ಇದೇ ಖಿನ್ನತೆ ಅನುಭವಿಸಿ ಚೇತರಿಸಿಕೊಂಡ ತಾಯಂದಿರು ಫೋನ್ ಮಾಡಿ ಮಾತಾಡುತ್ತಿದ್ದರು. ಅವರಿಗೆ ಕೊಟ್ಟ ತರಬೇತಿ ನಾಲ್ಕು ಗಂಟೆಯದು ಮಾತ್ರ. ಹನ್ನೆರಡು ವಾರಗಳಾದಾಗ ಖಿನ್ನತೆಯ ಲಕ್ಷಣ ಉಳಿದದ್ದು ಕರೆ ಬಂದವರಲ್ಲಿ ನೂರಕ್ಕೆ 14 ಜನರಲ್ಲಿ, ಬಾರದವರಲ್ಲಿ 25 ಜನರಲ್ಲಿ. ನಮ್ಮ ಪಕ್ಕದ ಗೋವಾದಲ್ಲಿ ಊರಿನ ತಾಯಂದಿರನ್ನೇ ‘ಸಖಿ’ಯರನ್ನಾಗಿ ತರಬೇತುಗೊಳಿಸಿ ಇಂಥದೇ ಪ್ರಯೋಗ ಮಾಡಿದರು. ಅಲ್ಲಿ ಗುಣ ಕಂಡಿತು, ಆದರೆ ಅಷ್ಟು ದೊಡ್ಡದಾಗಿ ಅಲ್ಲ. ಹಾಗಾಗಿ ಒಡನಾಟ ಎಲ್ಲವನ್ನೂ ವಾಸಿಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಕೆನಡಾದ ಅಧ್ಯಯನದಲ್ಲಿ ನಿಮಗೆ ಬೇಕಾದ್ದು ಒಂದಿದೆ: ಅಲ್ಲಿ ಮಾತಾಡಿದ್ದು ಒಬ್ಬರು ಒಬ್ಬರೊಡನೆ, ಅದೂ ಫೋನಿನಲ್ಲಿ. ನೀವು ಸೇರಿದ ಗುಂಪಿನಲ್ಲಿ ಇನ್ನೂರು ಜನರಿದ್ದಾರೆ, ಒಬ್ಬರೂ ನಿಮ್ಮವರಲ್ಲ. ಮಗು ಬೋರಲು ಬಿದ್ದವರು ಬರೆಯುತ್ತಾರೆ, ಬೀಳದವರು ಸುಮ್ಮನಿರುತ್ತಾರೆ. ಅದರಿಂದ ಹೊರಬನ್ನಿ, ಅಥವಾ ಸದ್ದು ನಿಲ್ಲಿಸಿಡಿ.

ನಿಮಗೆ ಬೇಕಾದದ್ದು ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರ ಕೂಸಿಗೂ ನಿಮ್ಮ ಕೂಸಿಗೂ ಎರಡು ಮೂರು ತಿಂಗಳಿಗಿಂತ ಹೆಚ್ಚಿನ ಅಂತರ ಇರಬಾರದು. ಮಳೆಗೆ ಒದ್ದೆಯಾಗದೆ ಹೋಗಿಬರುವಷ್ಟು ಹತ್ತಿರದವರಾದರೆ ಒಳ್ಳೆಯದು, ಇಲ್ಲದಿದ್ದರೆ ಫೋನ್ ಸಿಗುವವರಾದರೂ ಸಾಕು.

ಅವರನ್ನು ಹುಡುಕುವ ದಾರಿಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಲಸಿಕೆಯ ದಿನದ ಮೇಲೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಗುರುವಾರ. ನಿಮ್ಮ ಮಗಳಿಗೆ 14ನೇ ವಾರದ ಚುಚ್ಚುಮದ್ದು ಮುಗಿದಿದ್ದರೆ ಮುಂದಿನದು ಒಂಬತ್ತು ತಿಂಗಳಿಗೆ. ಅಲ್ಲಿಯವರೆಗೆ ಕಾಯಬೇಡಿ. ತೂಕ ನೋಡಿಸುವ ನೆಪದಲ್ಲಿ ಹೋಗಿ. ಆರು, ಹತ್ತು, ಹದಿನಾಲ್ಕು ವಾರದ ಕೂಸುಗಳನ್ನು ಎತ್ತಿಕೊಂಡು ಬಂದವರು ಚುಚ್ಚಿಸಿದ ಮೇಲೂ ಅರ್ಧ ಗಂಟೆ ಅಲ್ಲಿ ಕೂರಲೇಬೇಕು, ತೀವ್ರ ಅಲರ್ಜಿ ಏನಾದರೂ ಕಾಣಿಸಿಕೊಂಡೀತೆಂದು. ಆ ಅರ್ಧ ಗಂಟೆಯಲ್ಲಿ ಕೂಸುಗಳು ಒಟ್ಟಿಗೆ ಅಳುತ್ತಿರುತ್ತವೆ, ಪರಿಚಯಕ್ಕೆ ಬೇರೆ ಪೀಠಿಕೆ ಬೇಕಾಗುವುದಿಲ್ಲ. ಸಾಗರದ ಹಿನ್ನೀರಿನ ಕಡೆಯ ಇಬ್ಬರು ತಾಯಂದಿರು ಹೀಗೆ ಜೊತೆಯಾದದ್ದು ನನಗೆ ಗೊತ್ತು. ಎರಡು ಮನೆಗಳ ನಡುವೆ ಒಂದು ಗುಡ್ಡ, ಮಳೆಗಾಲದಲ್ಲಿ ಹೋಗಿಬರುವುದು ಆಗದು. ದಿನಾ ಸಂಜೆ ಆರಕ್ಕೆ, ಮಕ್ಕಳು ರಚ್ಚೆ ಹಿಡಿಯುವ ಹೊತ್ತಿಗೆ, ಒಬ್ಬಳು ಇನ್ನೊಬ್ಬಳ ಲ್ಯಾಂಡ್‌ಲೈನಿಗೆ ಕರೆ ಮಾಡುತ್ತಿದ್ದಳು. ಹೆಚ್ಚೇನೂ ಮಾತಿಲ್ಲ. ‘ನಿನ್ನದೂ ಅಳುತ್ತಿದೆಯಾ? ನನ್ನದೂ ಅಳುತ್ತಿದೆ.’ ಒಂದು ವರ್ಷ ಹಾಗೆಯೇ ದಾಟಿದರು. ನಿಮಗೂ ಅಳು ಬರುವುದು ಸಂಜೆಯೇ ಎಂದು ಓದಿದಾಗ ಅವರ ನೆನಪಾಯಿತು.

ಎರಡನೆಯದು ಅಂಗನವಾಡಿ. ಮಾತೃಪೂರ್ಣ ಯೋಜನೆ 2017ರಲ್ಲಿ ಶುರುವಾದಾಗಿನಿಂದ ಗರ್ಭಿಣಿಯರಿಗೂ ಹೆರಿಗೆಯಾಗಿ ಆರು ತಿಂಗಳವರೆಗಿನ ತಾಯಂದಿರಿಗೂ ಮಧ್ಯಾಹ್ನ ಬಿಸಿಯೂಟವಿದೆ. ನಿಮಗೆ ಇನ್ನೊಂದು ತಿಂಗಳ ಅವಕಾಶವಿದೆ. ಗುಡ್ಡ ಹತ್ತಿಳಿದು ದಿನವೂ ಹೋಗುವುದು ಮಲೆನಾಡಿನಲ್ಲಿ ಆಗದ ಮಾತು ಎಂದು ಗೊತ್ತು. ವಾರಕ್ಕೊಂದು ದಿನ ಸಾಕು. ಇಲ್ಲಿ ಒಂದು ಕಹಿ ಮಾತು ಹೇಳಬೇಕು. ನಮ್ಮ ಕಡೆಯ ಕೆಲವು ತೋಟದ ಮನೆಗಳಲ್ಲಿ ಸೊಸೆ ಅಂಗನವಾಡಿಗೆ ಹೋಗಿ ಎಲ್ಲರ ಜೊತೆ ಕುಳಿತು ಉಣ್ಣುವುದು ಮನೆತನಕ್ಕೆ ಕಡಿಮೆ ಎಂಬ ಭಾವನೆ ಇನ್ನೂ ಇದೆ. ಜಾತಿ, ಅಂತಸ್ತು ಎರಡೂ ಅದರಲ್ಲಿ ಬೆರೆತಿವೆ. ಆ ಗೋಡೆಯಿಂದಾಗಿ ಒಂದೇ ಹಳ್ಳಿಯ ಇಬ್ಬರು ಹೊಸ ತಾಯಂದಿರು ಫರ್ಲಾಂಗು ದೂರದಲ್ಲಿ ಬೇರೆ ಬೇರೆಯಾಗಿ ಅಳುತ್ತಾರೆ. ನಿಮ್ಮ ಮನೆಯಲ್ಲಿ ಇದು ಅಡ್ಡ ಬಂದರೆ ಮೊದಲು ಯಜಮಾನರೊಡನೆ ಮಾತಾಡಿ.

ಒಡನಾಟಕ್ಕೂ ಅದರದೇ ಅಪಾಯಗಳಿವೆ. ಸಣ್ಣ ಊರಿನಲ್ಲಿ ಮಾತಿಗೆ ಕಾಲು ಬೇಗ ಬರುತ್ತದೆ. ಅತ್ತೆಯ ಬಗ್ಗೆ ಆಡಿದ ಒಂದು ಮಾತು ಮೂರನೇ ದಿನ ಹಾಲಿನ ಡೇರಿಯಿಂದ ಮನೆಗೆ ಬಂದೀತು. ಆರಂಭದ ವಾರಗಳಲ್ಲಿ ಕೂಸಿನ ಮಾತು, ನಿದ್ದೆಯ ಮಾತು ಸಾಕು; ಮನೆಯ ಮಾತಿಗೆ ಆ ವ್ಯಕ್ತಿ ಹೇಗೆ ಎಂದು ತಿಳಿದ ಮೇಲೆ ಬನ್ನಿ. ಔಷಧಿಯ ಸಲಹೆಗಳನ್ನು ಕೇಳಿಸಿಕೊಳ್ಳಿ, ಪಾಲಿಸಬೇಡಿ. ಬಜೆ ತೇಯ್ದು ಕೊಡುವುದು, ಗ್ರೈಪ್ ವಾಟರ್, ಹಾಲು ಸಾಲದೆಂದು ಡಬ್ಬಿಯ ಪುಡಿ ಇವುಗಳ ವಿಷಯಕ್ಕೆ ವೈದ್ಯರನ್ನೋ ಕಿರಿಯ ಆರೋಗ್ಯ ಸಹಾಯಕಿಯನ್ನೋ ಕೇಳಿ. ಮಾತಾಡಿ ಬಂದ ಮೇಲೆ ಪ್ರತಿ ಸಲವೂ ನೀವು ಇನ್ನಷ್ಟು ಕುಗ್ಗಿದ್ದರೆ ಆ ಒಡನಾಟ ನಿಮಗಲ್ಲ. ಮುಲಾಜಿಗೆ ಮುಂದುವರಿಸಬೇಡಿ.

ಕೆಲವು ದಿನ ತವರಿಗೆ ಹೋಗಿಬರುವುದು ಇನ್ನೊಂದು ದಾರಿ. ಅದು ಸೋಲಲ್ಲ. ಆದರೆ ಮರಳಿ ಬಂದಾಗ ಅದೇ ಖಾಲಿ ಮನೆ ಕಾದಿರುತ್ತದೆ. ನನ್ನನ್ನು ಕೇಳಿದರೆ, ನಿಮ್ಮ ಅಮ್ಮನನ್ನೇ ಹತ್ತು ದಿನ ಇಲ್ಲಿಗೆ ಕರೆಸಿಕೊಳ್ಳಿ, ಅವರು ಇರುವಾಗಲೇ ಇಲ್ಲಿ ಒಬ್ಬರ ಪರಿಚಯ ಮಾಡಿಕೊಳ್ಳಿ.

ಯಜಮಾನರಿಗೆ ಒಂದು ಕೆಲಸ ಒಪ್ಪಿಸಬೇಕು. ಔಷಧಿ ಹೊಡೆಯುವ ದಿನಗಳು ಎಷ್ಟು ಕಷ್ಟದವು ಎಂದು ಬಲ್ಲೆ, ಕೊಳೆ ಬಿದ್ದರೆ ವರ್ಷದ ಕೂಳು ಹೋಗುತ್ತದೆ. ಆದರೂ ರಾತ್ರಿ ನೀವು ಒಂಬತ್ತಕ್ಕೆ ಹಾಲೂಡಿಸಿ ಮಲಗಿದರೆ, ಮಗಳು ಮತ್ತೆ ಹಸಿದು ಏಳುವವರೆಗೆ ಅವಳನ್ನು ಎತ್ತಿ ಓಡಾಡಿಸುವುದು, ಬಟ್ಟೆ ಬದಲಿಸುವುದು ಅವರದ್ದಾಗಲಿ. ನಡುವೆ ಎಚ್ಚರವಾಗದೆ ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಎಷ್ಟೋ ತಾಯಂದಿರು ಒಂದೇ ವಾರದಲ್ಲಿ ಬೇರೆ ಮನುಷ್ಯರಂತೆ ಕಾಣುತ್ತಾರೆ.

ಇಷ್ಟು ಹೇಳಿದ ಮೇಲೆ, ಗೆಳತಿಯರ ಕೈಯಲ್ಲಿ ಬಿಡಲಾಗದ ಸ್ಥಿತಿ ಯಾವುದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಊಟ ಬೇಡವಾದರೆ, ಮಗಳ ನಗು ಮುಟ್ಟದಂತಾದರೆ ವೈದ್ಯರನ್ನು ಕಾಣುವುದನ್ನು ವಾರಕ್ಕಿಂತ ಮುಂದೆ ಹಾಕಬೇಡಿ. ಸಾಯಬೇಕು ಎಂಬ ಅಥವಾ ಮಗುವಿಗೆ ಏನಾದರೂ ಮಾಡಿಬಿಡಬಹುದು ಎಂಬ ಯೋಚನೆ ಬಂದರೆ ಅದೇ ಗಳಿಗೆ ಯಜಮಾನರಿಗೋ ಅತ್ತೆಗೋ ಹೇಳಿ, ಒಬ್ಬರೇ ಇರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣುವ ತೀವ್ರ ಕಾಯಿಲೆ. ಸಾಮಾನ್ಯವಾಗಿ ಮೊದಲ ವಾರಗಳಲ್ಲೇ ಶುರುವಾಗುತ್ತದೆ. ಇಲ್ಲದ ದನಿ ಕೇಳುವುದು, ಮನೆಯವರ ಮೇಲೆ ವಿಪರೀತ ಸಂಶಯ, ರಾತ್ರಿಯಿಡೀ ನಿದ್ದೆಯಿಲ್ಲದೆ ಅಸಂಬದ್ಧ ಮಾತು ಅದರ ಲಕ್ಷಣ. ನಿಮ್ಮ ಪತ್ರದಲ್ಲಿ ಅದು ಯಾವುದೂ ಇಲ್ಲ. ಓದುವ ಬೇರೆ ಮನೆಯವರಿಗಾಗಿ ಬರೆಯುತ್ತಿದ್ದೇನೆ: ಅಂಥವರನ್ನು ಮಂತ್ರಿಸುವವರ ಬಳಿ ಕರೆದುಕೊಂಡು ಹೋಗಿ ಹೊತ್ತು ಕಳೆಯಬೇಡಿ. ಸರಿಯಾದ ಚಿಕಿತ್ಸೆಯಲ್ಲಿ ಇದು ಗುಣವಾಗುತ್ತದೆ. ತಾಯಿಯನ್ನೂ ಕೂಸನ್ನೂ ಬೇರೆ ಮಾಡದೆ ಒಟ್ಟಿಗೆ ಇರಿಸಿಕೊಂಡು ನೋಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಅಷ್ಟು ದೂರ ಹೋಗುವ ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಮನೆಯಿಂದ ಹೊರಡಲಾಗದ ರಾತ್ರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು.

ಈಗ ಮಾಡಬೇಕಾದ ಮೊದಲ ಕೆಲಸ ಸಣ್ಣದು. ನಿಮ್ಮ ತಾಯಿ ಕಾರ್ಡ್ ಭದ್ರಾವತಿಯ ಕಡೆಯದಿರಬಹುದು. ಇಲ್ಲಿಯ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಅಂಗನವಾಡಿಯಲ್ಲಿ ಕೇಳಿ ಅದರ ಮೇಲೆ ಬರೆದುಕೊಳ್ಳಿ. ಮಗುವಿಗೆ ಮೂರು, ಆರು, ಒಂಬತ್ತು ತಿಂಗಳಾದಾಗ ಮನೆಗೆ ಬಂದು ನೋಡುವುದು ಅವರ ಕೆಲಸವೇ ಆಗಿರುವುದರಿಂದ ಮುಂದಿನ ತಿಂಗಳು ಹೇಗೂ ಬರಬೇಕು. ಊರಿನ ಯಾವ ಮನೆಯಲ್ಲಿ ಎಷ್ಟು ತಿಂಗಳ ಕೂಸಿದೆ ಎಂಬುದು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಕರೆ ಮಾಡಿ ಕೇಳಬೇಕಾದ್ದು ಇಷ್ಟೇ: ‘ಅಕ್ಕ, ಜನವರಿಯಿಂದ ಮೇ ಒಳಗೆ ನಮ್ಮ ಕಡೆ ಯಾರ ಮನೆಯಲ್ಲಿ ಹೆರಿಗೆಯಾಗಿದೆ? ಅವರು ಒಪ್ಪಿದರೆ ನನ್ನ ನಂಬರ್ ಕೊಡುತ್ತೀರಾ?’